ಕುದುರೆ ಕಚೇರಿಯ ಆಮೆ

ನಮ್ಮ ಅಶ್ವಾಭಿವೃದ್ಧಿ ಮಂಡಳಿಯ ಹಿರಿಯ ಗುಮಾಸ್ತರಿಗೆ ಊರಿಟ್ಟ ಹೆಸರು ಆಮೆ. ಕುದುರೆ ಸಾಕುವವರ ಸಹಾಯಧನ, ಲಾಯದ ಪರವಾನಗಿ, ಲಾಳ ಹೊಡೆಯುವವರ ತರಬೇತಿ, ಎಲ್ಲವೂ ಇವರ ಮೇಜು ದಾಟಿಯೇ ಹೋಗಬೇಕು. ಆದರೆ ಎದುರಿಗೆ ಕುದುರೆ ಬಂದರೆ ಇವರು ಕುರ್ಚಿ ಹತ್ತಿ ನಿಲ್ಲುವ ಆಸಾಮಿ. ತಪಾಸಣೆಗೆ ಹೋದರೂ ಬೇಲಿಯಾಚೆಯಿಂದಲೇ "ಹಲ್ಲು ತೋರಿಸ್ರೀ" ಎಂದು ಕೂಗುತ್ತಾರೆ. ಗಾಬರಿಗೆ ಮಾಲೀಕನೇ ಹಲ್ಲು ಕಿರಿಯುತ್ತಾನೆ. ಮರಿ ಹುಟ್ಟಿತೆಂದರೆ ಅವತ್ತೇ ನೋಂದಣಿ, ಅವತ್ತೇ ಮೊಹರು. ಓಡಲಾರದ ಮುದಿ ಕುದುರೆಗೆ ಸೂಜಿ ಚುಚ್ಚಿ ಮುಗಿಸಲು ಅನುಮತಿ ಕೇಳಿದಿರೋ, ಕೆಟ್ಟಿರಿ. "ಬಾಲದ ಫೋಟೊ ಮಸುಕಾಗಿದೆ, ಬೇರೆ ತನ್ನಿ." ತಂದರೆ, "ಇದರಲ್ಲಿ ಕುದುರೆ ನಗ್ತಾ ಇದೆ, ನಡೆಯಲ್ಲ." ಬಂದವರು ಇವರ ಏಳು ತಲೆಮಾರನ್ನೂ ಬೈದುಕೊಂಡು ಹೋಗುತ್ತಾರೆ. ಅರ್ಜಿ ಇತ್ಯರ್ಥವಾಗುವ ತನಕ ಕುದುರೆ ಮಂಡಳಿಯ ಲಾಯದಲ್ಲೇ ಇರಬೇಕು, ಮೇವೂ ಮಂಡಳಿಯದೇ ಎಂಬುದು ನಿಯಮ. ಅದರ ಕರಡು ಬರೆದವರೂ ಇವರೇ ಎಂಬುದನ್ನು ಎಲ್ಲರೂ ಮರೆತಿದ್ದಾರೆ. ಒಕ್ಕಣ್ಣಿನ ಕುದುರೆಯೊಂದರ ಕಡತ ಒಂಬತ್ತು ವರ್ಷದಿಂದ ಇವರ ಮೇಜಿನ ಮೇಲೆ ಧೂಳು ತಿನ್ನುತ್ತಿದೆ. ಕುದುರೆ ಕಿಟಕಿಯಾಚೆ ಹುಲ್ಲು ತಿನ್ನುತ್ತಿದೆ. ಮೊನ್ನೆ ಹೊಸ ಮೇಲಧಿಕಾರಿ ಆ ಕಡತ ಎತ್ತಿ ಕುಕ್ಕಿ ರೇಗಿದರು: "ಇದಕ್ಕೆ ಯಾವಾಗ್ರೀ ಸಹಿ ಹಾಕ್ತೀರಿ? ಅದು ತಾನಾಗೇ ಸತ್ತ ಮೇಲಾ?" ನಮ್ಮ ಆಮೆಯವರು ನಿಧಾನಕ್ಕೆ ಕನ್ನಡಕ ಒರೆಸಿಕೊಂಡು ಹೇಳಿದರು: "ಆಮೇಲೆ ಸಹಿ ಬೇಕಾಗಲ್ಲ ಸಾರ್."