ಸೀಸೆಯ ಬಣ್ಣ ಓದುವ ಪುಟ್ಟಮಾದಮ್ಮ

ಮಧುವನಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚೆಲುವಮ್ಮನ ಮನೆಯ ಜಗಲಿಯ ಮೇಲೆ ಪುಟ್ಟಮಾದಮ್ಮ ಮಂಕರಿ ಇಳಿಸಿ ಕುಳಿತಿದ್ದಾರೆ. ಮಂಕರಿಯಲ್ಲಿ ರಾಗಿ ಹುಲ್ಲು, ಹುಲ್ಲಿನ ನಡುವೆ ಖಾಲಿ ಗಾಜಿನ ಸೀಸೆಗಳು. ಬರುತ್ತೇನೆಂದು ಅವರು ಹೇಳಿ ಕಳಿಸಿಲ್ಲ. ಹೇಳದೆ ಬರುವುದೇ ಅವರ ಕೆಲಸ. ಬಾಗಿಲು ತೆರೆದ ಚೆಲುವಮ್ಮ ಒಂದು ಗಳಿಗೆ ತಬ್ಬಿಬ್ಬಾಗಿ, ಒಳಕ್ಕೆ ತಿರುಗಿ ಕೂಗುತ್ತಾರೆ: “ಸಿದ್ದಿ, ಏಳವ್ವ. ಮಾದಕ್ಕ ಬಂದವ್ಳೆ. ಒಬ್ಳೇ ಇತ್ಲಿಗೋಗಿ ಉಚ್ಚೆ ಉಯ್ದುಬುಡಬ್ಯಾಡ ಕಣೆ!”

ಆರು ವರ್ಷದ ಸಿದ್ದಿ ಕಣ್ಣುಜ್ಜಿಕೊಳ್ಳುತ್ತ ಬರುತ್ತಾಳೆ. ಪುಟ್ಟಮಾದಮ್ಮ ಅವಳ ಕೈಹಿಡಿದು ಹಿತ್ತಿಲಿಗೆ ಕರೆದೊಯ್ದು, ಎದುರಿಗೇ ನಿಂತು, ಸೀಸೆಯಲ್ಲಿ ಉಚ್ಚೆ ಹಿಡಿಯುತ್ತಾರೆ. ಬಿರಡೆ ಒತ್ತಿ, ಸೀಸೆಯ ಕತ್ತಿಗೆ ಹಳದಿ ರೇಷ್ಮೆ ದಾರ ಸುತ್ತುತ್ತಾರೆ. ಅವರಿಗೆ ಓದು ಬರುವುದಿಲ್ಲ. ಹಳದಿ ದಾರವೆಂದರೆ ಸಿದ್ದಿ, ಅಷ್ಟೆ. ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನಾನು ಟವೆಲಿನಿಂದ ಮೂಗು ಮುಚ್ಚಿಕೊಂಡಿದ್ದನ್ನು ನೋಡಿ ನಗುತ್ತಾರೆ. “ಬುಡಿ ಸಾ, ಐಕದ ಉಚ್ಚೆ. ನಿಮ್ಮನೇಲಿ ಐಕ ಇಲ್ವಾ?” ನಾನು ನಾಚಿ ಟವೆಲು ತೆಗೆಯುತ್ತೇನೆ.

ಸಿದ್ದಿಗೆ ಕ್ಷಯ. ಒಂದು ವರ್ಷಕ್ಕೂ ಮಿಕ್ಕಿ ದಿನಾ ಪುಡಿಯ ಪೊಟ್ಟಣ ತಿನ್ನಬೇಕು. ಆ ಪುಡಿಯ ರುಚಿ ದೊಡ್ಡವರಿಗೇ ಹೊಟ್ಟೆ ತೊಳಸುವಂಥದು. ಮಕ್ಕಳು ಉಗುಳುತ್ತಾರೆ, ತಾಯಂದಿರು ಮರುಗಿ ಚೆಲ್ಲಿಬಿಡುತ್ತಾರೆ. ಆದರೆ ಮೈಗೆ ಸೇರಿದ ಔಷಧಿ ಉಚ್ಚೆಯಲ್ಲಿ ಬಂದೇ ಬರುತ್ತದೆ. ಅದಕ್ಕೆ ನಾಲ್ಕು ಹನಿ ದ್ರಾವಣ ಹಾಕಿದರೆ ಕೆಂಪುನೇರಳೆ ಬಣ್ಣ ಏಳುತ್ತದೆ. ಕೊಳ್ಳೇಗಾಲದಲ್ಲಿ ದಾನಿಗಳು ನಡೆಸುವ ಪುಟ್ಟ ಚಿಕಿತ್ಸಾಲಯಕ್ಕೆ ಆ ಸೀಸೆಗಳನ್ನು ಹೊತ್ತು ತರುವ ಆಯಾ ಪುಟ್ಟಮಾದಮ್ಮ. ಯಳಂದೂರಿನ ಕಡೆಯಿಂದ ರಾಮಾಪುರದವರೆಗೆ ಮೂವತ್ತೆಂಟು ಮಕ್ಕಳು. ಒಬ್ಬೊಬ್ಬರ ಮನೆಗೂ ತಿಂಗಳಿಗೆ ಎರಡು ಸಲ. ದಿನಕ್ಕೆ ಮೂರು ಮನೆಯಾದರೂ ಆಗಬೇಕು. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲು. ಮಂಕರಿಯಲ್ಲೇನಿದೆ ಎಂದು ಗೊತ್ತಾದ ಕಂಡಕ್ಟರು ಎರಡು ಸಲ ಅರ್ಧ ದಾರಿಯಲ್ಲಿ ಇಳಿಸಿದ್ದುಂಟು. ಊರುಗಳಲ್ಲಿ ಅವರಿಗೆ ಉಚ್ಚೆ ಮಾದಮ್ಮ ಎಂದೇ ಹೆಸರು.

ಅವರ ಗಂಡ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದರು. ಹದಿನಾಲ್ಕು ವರ್ಷ ಗಂಡನ ಜೊತೆ ಹಂಡೆಯ ಮುಂದೆ ನಿಂತು, ನೂಲಿನ ಒಂದು ಲಡಿಗೂ ಇನ್ನೊಂದಕ್ಕೂ ಬಣ್ಣದಲ್ಲಿರುವ ಕೂದಲೆಳೆಯ ವ್ಯತ್ಯಾಸ ಹಿಡಿಯುವುದನ್ನು ಇವರ ಕಣ್ಣು ಕಲಿತಿತು. 1957ರಲ್ಲಿ ಗಂಡ ಇದೇ ಎದೆರೋಗಕ್ಕೆ ಹೋದರು. ಹೊಟ್ಟೆಪಾಡಿಗೆ ಆಯಾ ಕೆಲಸ ಹಿಡಿದ ಪುಟ್ಟಮಾದಮ್ಮನಿಗೆ ಈಗ ಐವತ್ತರ ಹತ್ತಿರ.

ಒಂದು ಸಂಗತಿ ಹೇಳುವಾಗ ಮಾತ್ರ ಅವರು ನನ್ನ ಮುಖ ನೋಡುವುದಿಲ್ಲ. ರಾಮಾಪುರದ ಕಡೆ ಒಂದು ಗಂಡುಮಗು. ಬಣ್ಣ ಏಳುತ್ತಿತ್ತು, ಚಿಕಿತ್ಸಾಲಯದ ಪುಸ್ತಕದಲ್ಲಿ ‘ಇದೆ’ ಎಂದು ಬರೆದಾಗುತ್ತಿತ್ತು. ಆ ಬಣ್ಣ ತೆಳುವಾಗಿದ್ದದ್ದು ಇವರೊಬ್ಬರಿಗೇ ಕಂಡಿತ್ತು. “ಕಸ ಗುಡ್ಸೋಳು ನಾನು, ಡಾಕ್ಟ್ರಿಗೆ ಏನಂತ ಏಳ್ಳಿ ಅಂತ ಬಾಯಿ ಮುಚ್ಕಂಡಿದ್ದೆ. ಮದ್ದು ಸುರು ಮಾಡಿದ ಐದ್ನೆ ತಿಂಗ್ಳಲ್ಲಿ ಕೂಸು ಓಗ್ಬುಡ್ತು.” ವಾಂತಿ ಮಾಡುತ್ತದೆಂದು ಅಜ್ಜಿ ಅರ್ಧ ಪೊಟ್ಟಣವನ್ನೇ ಕೊಡುತ್ತಿದ್ದಳೆಂದು ಆಮೇಲೆ ತಿಳಿಯಿತು.

ಸಿದ್ದಿಯ ವಿಷಯದಲ್ಲಿ ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ. ಒಂದು ಸಲ ತೆಳುವಾದರೆ ಮಗು ನೀರು ಹೆಚ್ಚು ಕುಡಿದಿರಬಹುದು. ನಾಲ್ಕು ಸಲವೂ ತೆಳು. ಪೊಟ್ಟಣದ ಲೆಕ್ಕ ಸರಿಯಾಗಿತ್ತು, ಹುಡುಗಿ ಮಾತ್ರ ಸೊರಗುತ್ತಿದ್ದಳು. “ಆಯಾ ನನಗೆ ಪಾಠ ಹೇಳುವುದೇ ಎಂದು ರೇಗಿದೆ” ಎಂದು ಡಾಕ್ಟರ್ ಶಿವರುದ್ರಸ್ವಾಮಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. “ಸಿದ್ದಿಯದೊಂದು, ಬೇರೆ ಮಗುವಿನದೊಂದು ಸೀಸೆ ತಂದು ಕಿಟಕಿಯ ಬೆಳಕಿನಲ್ಲಿ ಬಿಳಿ ಬಟ್ಟೆಯ ಮುಂದೆ ಹಿಡಿದಳು. ಆಗ ನನಗೂ ಕಂಡಿತು.”

ಮಧುವನಹಳ್ಳಿಗೆ ಹೋಗಿ ವಿಚಾರಿಸಿದವರೂ ಪುಟ್ಟಮಾದಮ್ಮನೇ. ಸಿದ್ದಿ ಅವಳಿ ಮಗು, ಜೊತೆಗೆ ಹುಟ್ಟಿದವನು ರಾಚ. ಚೆಲುವಮ್ಮ ಪ್ರತಿ ಪೊಟ್ಟಣವನ್ನೂ ಸರಿಯಾಗಿ ಎರಡು ಪಾಲು ಮಾಡುತ್ತಿದ್ದರು. “ಒಂದೇ ಒಟ್ಟೇಲಿ ಬಂದ ಐಕ ಸಾ,” ಎಂದು ಈಗಲೂ ನನ್ನೆದುರು ವಾದಿಸುತ್ತಾರೆ. “ಬಟ್ಟೆ ತಂದ್ರೂ ಎಲ್ಡು, ಕಿವಿ ಚುಚ್ಸುದ್ರೂ ಎಲ್ಡು. ಒಂದುಕ್ಕೆ ಕೊಟ್ಟು ಒಂದ ಬುಟ್ರೆ, ಬುಟ್ಟುದ್ಕೆ ಕೇಡಲ್ವಾ?”

ಪುಟ್ಟಮಾದಮ್ಮ ಬೈಯಲಿಲ್ಲ. “ಬಯ್ದ್ರೆ ಸುಳ್ಳು ಏಳೋದ ಕಲೀತಾಳೆ, ಅಷ್ಟೆಯ.” ಡಾಕ್ಟರಿಗೆ ದುಂಬಾಲು ಬಿದ್ದು ರಾಚನ ಎದೆಯನ್ನೂ ಪರೀಕ್ಷೆ ಮಾಡಿಸಿದರು. ಅವನಿಗೆ ಏನೂ ಇರಲಿಲ್ಲ. ಹಾಗಾಗಿ ಅವನಿಗೂ ಅಂಥದೇ ಕಾಗದದಲ್ಲಿ ಹುರಿಗಡಲೆ ಹಿಟ್ಟು, ಸಕ್ಕರೆ ಬೆರೆಸಿದ ಪೊಟ್ಟಣ ಕಟ್ಟಿಸಿದರು. ತಾಯಿಗೆ ಗುಟ್ಟು ಮಾಡಲಿಲ್ಲ: “ರೋಗ ಇರೋಳ್ಗೆ ಮದ್ದು, ಇಲ್ದೋನ್ಗೆ ಇಟ್ಟು. ಪೊಟ್ಣ ಇಬ್ರಿಗೂ ಒಂದೊಂದು. ಪಾಲು ಮಾಡ್ಬುಟ್ಟೀಯೆ, ಜ್ವಾಕೆ.”

ಇದು ಎರಡು ವಾರದ ಹಿಂದಿನ ಮಾತು. ಆಮೇಲಿನ ಮೊದಲ ಸೀಸೆ ಇವತ್ತಿನದು. ಬಣ್ಣ ತುಂಬಿ ಬರದಿದ್ದರೆ ಸಿದ್ದಿಯನ್ನು ಮೈಸೂರಿನ ಕಡೆಯ ಆಸ್ಪತ್ರೆಗೆ ಸೇರಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ಅವಳಿಯಲ್ಲಿ ಒಂದನ್ನು ಅಗಲಿಸುವುದಾದರೆ ಔಷಧಿಯೇ ಬೇಡವೆಂದು ಚೆಲುವಮ್ಮ ಹಟ ಹಿಡಿದಿದ್ದಾರೆ. ಔಷಧಿ ನಿಂತರೆ ಹುಡುಗಿ ಉಳಿಯುವುದಿಲ್ಲ. ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ವಾಪಸು ಬರುವಾಗ ಪುಟ್ಟಮಾದಮ್ಮ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕುಳಿತಿದ್ದಾರೆ.

ಹತ್ತು ಗಂಟೆಗೆ ಚಿಕಿತ್ಸಾಲಯದಲ್ಲಿ ಕಾಂಪೌಂಡರು ಹಳದಿ ದಾರದ ಸೀಸೆ ತೆಗೆದು ಹನಿ ಹಾಕುತ್ತಾರೆ. ಪುಟ್ಟಮಾದಮ್ಮ ಕಿಟಕಿಗೆ ಹೋಗಿ ಬಿಳಿ ಬಟ್ಟೆಯ ಮುಂದೆ ಹಿಡಿದು ನೋಡುತ್ತಾರೆ. ಬಹಳ ಹೊತ್ತು ನೋಡುತ್ತಾರೆ. ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದಾರೆ.

“ತುಂಬಿ ಬಂದದೆ ಸಾ,” ಎನ್ನುತ್ತಾರೆ ಕೊನೆಗೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಡಾಕ್ಟರು ‘ಇದೆ’ ಎಂಬಲ್ಲಿ ಸಿದ್ದಿಯ ಹೆಸರು ಬರೆಯುತ್ತಾರೆ. ಪುಸ್ತಕದಲ್ಲಿ ಮೊದಲು ‘ಇದೆ’, ‘ಇಲ್ಲ’ ಎಂದು ಎರಡೇ ಕಾಲಂ ಇದ್ದವು. ಈಗ ನಡುವೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ಅರ್ಧ’ ಎಂದು ಇನ್ನೊಂದು ಮಾಡಿದ್ದಾರೆ. ಅದನ್ನು ಮಾಡಿಸಿದವರ ಹೆಸರು ಎಲ್ಲೂ ಇಲ್ಲವಲ್ಲ ಎಂದು ನಾನು ಪುಟ್ಟಮಾದಮ್ಮನನ್ನು ಕೇಳುತ್ತೇನೆ.

“ನನ್ ಎಸ್ರು ಯಾತುಕ್ಕೆ ಸಾ?” ಎನ್ನುತ್ತ ಅವರು ತೊಳೆದ ಸೀಸೆಗಳನ್ನು ಮಂಕರಿಗೆ ಜೋಡಿಸುತ್ತಾರೆ. “ನಡೂನ ಕಾಲಂ ನಾ ಏಳಿ ಆಕ್ಸಿದ್ದು, ನಂಗ್ ಗೊತ್ತದೆ. ಅದ್ರಲ್ಲಿ ಯಾವ ಕೂಸಿನ ಎಸ್ರೂ ಬೀಳ್ದೆ, ಅಂಗೇ ಬೆಳ್ಳಗಿದ್ಬುಟ್ರೆ ಸಾಕು.”