ಹರಿಗೋಲಿನ ಪ್ರಾಕ್ಟಿಕಲ್

ಮೊನ್ನೆ ಸಂಜೆ ಹೇಳದೆ ಕೇಳದೆ ಮಳೆ ಬಂತು. ಕಾಲೇಜಿನಿಂದ ತೊಯ್ದು ಬಂದ ಮೊಮ್ಮಗಳು ತನ್ನ ತೊಗಲಿನ ಚೀಲವನ್ನು ನನ್ನ ಕುರ್ಚಿಯ ಪಕ್ಕಕ್ಕೆ ಎಸೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚೀಲ ವಾಸನೆ ಬಿಡತೊಡಗಿತು. ಹಸಿ ತೊಗಲಿನ ವಾಸನೆ ಯಾರಿಗೂ ಹಿತವಲ್ಲ. ಅವಳೇ ಮೂಗು ಹಿಡಿದುಕೊಂಡು ಬಂದು ಅದನ್ನು ಹೊರಗಿಡಲು ಹೋದಾಗ, "ಇನ್ನೊಂದಿಷ್ಟು ಹೊತ್ತು ಇಲ್ಲೇ ಇರಲಿ ಬಿಡವಾ" ಎಂದೆ. ಎಂಬತ್ತು ದಾಟಿದವರು ಏನು ಕೇಳಿದರೂ ಮಕ್ಕಳು ಒಮ್ಮೆ ಮುಖ ನೋಡಿ ಒಪ್ಪಿಕೊಳ್ಳುತ್ತಾರೆ. ಅವಳೂ ಹಾಗೇ ಮಾಡಿದಳು. ನನಗೋ ಕೂತಲ್ಲೇ ತಲೆ ತಿರುಗತೊಡಗಿತ್ತು. ಹೆದರಬೇಡಿ, ಕಾಯಿಲೆಯಿಂದಲ್ಲ. ಅರವತ್ತು ವರ್ಷದ ಹಿಂದೆ ಆನೆಗುಂದಿಯ ಹೊಳೆಯಲ್ಲಿ ಗಿರಗಿರ ತಿರುಗಿದ್ದು ನೆನಪಾಗಿ.

ಆಗ ನಾನು ಗುಲ್ಬರ್ಗಾದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ನಮ್ಮದು ಗಂಗಾವತಿಯಲ್ಲಿ ಅರಿವೆ ಅಂಗಡಿ. ನಮ್ಮ ಓಣಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ರಜೆಗೆ ಬಂದಾಗ ಸ್ವಲ್ಪ ಎದೆ ಉಬ್ಬಿಸಿಯೇ ನಡೆಯುತ್ತಿದ್ದೆ. ನಿಜಾಮರ ರಾಜ್ಯ, ಪಾಠವೆಲ್ಲ ಉರ್ದುವಿನಲ್ಲಿ. ಭೌತಶಾಸ್ತ್ರಕ್ಕೆ ಹಮೀದ್ ಸಾಹೇಬರು ಬರುತ್ತಿದ್ದರು. ತೆಳ್ಳಗಿನ ದೇಹ, ಕತ್ತಿನವರೆಗೆ ಗುಂಡಿ ಹಾಕಿದ ಶೇರ್ವಾನಿ, ತಲೆಯ ಮೇಲೆ ಕೆಂಪು ಟೋಪಿ. ಆ ಟೋಪಿಯ ಕುಚ್ಚು ಅವರು ಸಿಟ್ಟಾದಾಗ ಎಡಕ್ಕೂ ಖುಷಿಯಾದಾಗ ಬಲಕ್ಕೂ ಬೀಳುತ್ತದೆ ಎಂಬುದು ನಮ್ಮ ತರಗತಿಯ ಸಂಶೋಧನೆ.

ಒಂದು ದಿನ ಅವರು ನೀರಿನಲ್ಲಿ ವಸ್ತು ತೇಲುವ ಸೂತ್ರವನ್ನು ಹಲಗೆಯ ಮೇಲೆ ಬರೆದರು. ನಾವೆಲ್ಲ ಬರೆದುಕೊಂಡೆವು. ಸೀಮೆಸುಣ್ಣ ಕೆಳಗಿಟ್ಟು, "ನಿಮ್ಮಲ್ಲಿ ಯಾರಾದರೂ ಕೈಯಾರೆ ಏನನ್ನಾದರೂ ತೇಲಿಸಿದ್ದೀರಾ?" ಎಂದು ಕೇಳಿದರು. ನಾವು ಬರೆದುಕೊಂಡ ಸೂತ್ರವನ್ನೇ ಮತ್ತೆ ಓದತೊಡಗಿದೆವು. "ಹೋಗಲಿ, ಕೈಯಾರೆ ಏನನ್ನಾದರೂ ಮಾಡಿದ್ದೀರಾ?" ನಾವು ಪುಟ ತಿರುಗಿಸಿದೆವು. ಕುಚ್ಚು ಎಡಕ್ಕೆ ಬಿತ್ತು. ಬೇಸಿಗೆಯ ರಜೆಯಲ್ಲಿ ಪ್ರತಿಯೊಬ್ಬರೂ ನಮ್ಮ ನಮ್ಮ ಸೀಮೆಯ ಒಂದು ಕೈಕೆಲಸ ಕಲಿತು ಬರಬೇಕು, ಮಾಡಿ ತೋರಿಸಬೇಕು, ಇಲ್ಲವಾದರೆ ಪ್ರಾಕ್ಟಿಕಲ್ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ ಎಂದರು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿರಲಿಲ್ಲ.

ಹರಿಗೋಲು ಕಟ್ಟೋಣ ಎಂದವನು ನನ್ನ ಗೆಳೆಯ ರಸೂಲ. ಅವನು ಕುಷ್ಟಗಿಯವನು. "ನಮ್ಮೂರಾಗ ನೀರಂದ್ರ ಬಾವ್ಯಾಗಿಂದು. ಅದೂ ಹಣಿಕಿ ಹಾಕಿ ನೋಡಬೇಕು. ನಿಮ್ಮ ಕಡಿ ಹೊಳಿ ಐತಿ. ನಾ ನಿಮ್ಮನಿಗೇ ಬರ್ತೀನಿ" ಎಂದ. ನಾನು ಒಪ್ಪಿದೆ. ಹರಿಗೋಲು ಎಂದರೆ ದೊಡ್ಡ ಬುಟ್ಟಿ, ಬುಟ್ಟಿ ಹೆಣೆಯುವುದರಲ್ಲಿ ಏನು ಮಹಾ ಎಂಬುದು ನನ್ನ ಎಣಿಕೆಯಾಗಿತ್ತು.

ನಮ್ಮೂರಿಗೆ ಹತ್ತಿರದ ಆನೆಗುಂದಿಯ ದಡದಲ್ಲಿ ಹರಿಗೋಲು ಕಟ್ಟುತ್ತಿದ್ದವಳು ಹುಲಿಗೆವ್ವ. ಗಂಡ ತೀರಿಕೊಂಡ ಮೇಲೆ ಅವನ ಕೆಲಸವನ್ನು ತಾನೇ ಮುಂದುವರಿಸಿದ್ದಳು. ಐವತ್ತರ ಆಜುಬಾಜು, ಬಿದಿರಿನಂತೆ ನೆಟ್ಟಗಿನ ಮೈ, ಎಲೆಅಡಿಕೆಯಿಂದ ಕೆಂಪಾದ ಬಾಯಿ. ನಾವು ಬಂದ ಕಾರಣ ಹೇಳಿದಾಗ ಅವಳು ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ.

"ಕಾಲೇಜಿನಾಗ ಏನು ಕಲಿಸ್ತಾರ?" ಎಂದಳು.

ನಾನು ಉತ್ಸಾಹದಿಂದ, ಮುಳುಗಿದ ವಸ್ತು, ಪಕ್ಕಕ್ಕೆ ಸರಿದ ನೀರು, ಅದರ ತೂಕ, ಎಲ್ಲವನ್ನೂ ವಿವರಿಸಿದೆ. ಇದನ್ನು ಕಂಡುಹಿಡಿದ ಮಹಾನುಭಾವರು ಸಾವಿರಾರು ವರ್ಷದ ಹಿಂದೆ ಇದ್ದರು ಎಂದೂ ಹೇಳಿದೆ.

"ಅವರು ಹರಿಗೋಲು ಕಟ್ಟತಿದ್ರೇನು?"

"ಇಲ್ಲಬೇ. ಜಳಕ ಮಾಡಾಕ ತೊಟ್ಟ್ಯಾಗ ಇಳಿದಿದ್ರಂತ. ಆವಾಗ ಹೊಳೀತಂತ."

"ನೀರಾಗರ ಇಳಿದಾರಲ್ಲ, ಛಲೋ ಆತು" ಎಂದು ಹುಲಿಗೆವ್ವ ನನ್ನ ಕೈಗೊಂದು ಕುಡಗೋಲು ಕೊಟ್ಟಳು.

ಮೊದಲ ವಾರವೆಲ್ಲ ಬಿದಿರು ಸೀಳಿದ್ದೇ ಆಯಿತು. ನಾನು ಸೀಳಿದ ದಬ್ಬೆ ಒಂದು ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ತುದಿಯಲ್ಲಿ ಕಾಗದದಷ್ಟು ತೆಳು. ಹುಲಿಗೆವ್ವ ಅವನ್ನು ಒಂದೊಂದಾಗಿ ಎತ್ತಿ ನೋಡಿ ಒಲೆಗೆ ಹಾಕುತ್ತಿದ್ದಳು. ಅವಳ ಮನೆಯ ಅಡುಗೆ ಆ ವಾರ ನನ್ನ ವಿದ್ಯೆಯ ಮೇಲೆಯೇ ಬೆಂದಿತು. ರಸೂಲನ ಕೈ ಮಾತ್ರ ಮೂರನೆಯ ದಿನಕ್ಕೇ ಕುದುರಿತು. ಅದು ನನಗೆ ಹೊಟ್ಟೆಕಿಚ್ಚು ತಂದಿತು ಎಂದು ಈಗ ಒಪ್ಪಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಹೆಣಿಗೆ ಮುಗಿದ ಮೇಲೆ ತೊಗಲಿನ ಕೆಲಸ ಬಂತು. ನೆನೆಸಿದ ಎಮ್ಮೆಯ ತೊಗಲನ್ನು ಬುಟ್ಟಿಯ ಮೇಲೆ ಎಳೆದು ಹೊಲಿದು, ಒಣಗಿಸಿ, ಎಣ್ಣೆ ಬಳಿಯಬೇಕು. ಮೊದಲ ದಿನ ಆ ವಾಸನೆ ಹೊತ್ತು ಮನೆಗೆ ಹೋದಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತರು. ನಮ್ಮ ಮನೆಯಲ್ಲಿ ಚಪ್ಪಲಿ ಮುಟ್ಟಿದರೂ ಕೈ ತೊಳೆಯುವ ಪದ್ಧತಿ.

"ತೊಗಲು ಮುಟ್ಟಾಕ ನಿನ್ನ ಗುಲ್ಬರ್ಗಾಕ್ಕ ಕಳಿಸಿದ್ನೇನು?" ಎಂದರು.

"ಇದೂ ಪರೀಕ್ಷಾನ ಐತ್ರಿ."

"ಆಗಲಿ. ಇದರಾಗ ಪಾಸಾಗಲಿಲ್ಲಂದ್ರ ಕಾಲೇಜು ಸಾಕು. ಅಂಗಡಿಯೊಳಗ ಗಜಕೋಲು ಹಿಡಿದು ಕುಂದ್ರು."

ಅಪ್ಪ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ. ಅಂದಿನಿಂದ ಅವ್ವ ಹಿತ್ತಲಲ್ಲೇ ನಮ್ಮಿಬ್ಬರ ತಲೆಯ ಮೇಲೆ ಎರಡೆರಡು ಕೊಡ ನೀರು ಸುರಿದು ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ನಾನು ಮಾತ್ರ ಅಂಗಡಿಯ ಗಜಕೋಲನ್ನು ನೆನೆಸಿಕೊಂಡು ಇನ್ನಷ್ಟು ಬಿಗಿಯಾಗಿ ಹೊಲಿಗೆ ಹಾಕತೊಡಗಿದೆ.

ಕಟ್ಟಿ ಮುಗಿಸಿದ ಹರಿಗೋಲನ್ನು ರೈಲಿನಲ್ಲಿ ಗುಲ್ಬರ್ಗಾಕ್ಕೆ ಒಯ್ಯುವುದು ಹೇಗೆಂದು ನಮಗೆ ಹೊಳೆದದ್ದು ಆಮೇಲೆ. ಸಾಹೇಬರಿಗೆ ಕಾರ್ಡು ಬರೆದೆವು. "ನಾನೇ ಬರುತ್ತೇನೆ. ಹೊಸಪೇಟೆಯ ತನಕ ರೈಲು. ಹೊಳೆಯನ್ನು ನೀವು ದಾಟಿಸಿ" ಎಂದು ಉತ್ತರ ಬಂತು. ಕಾರ್ಡು ಓದಿ ಹುಲಿಗೆವ್ವನಿಗೆ ಹೇಳಿದಾಗ ಅವಳು ಮೊದಲ ಸಲ ಚಿಂತೆಗೆ ಬಿದ್ದಳು. ಕಟ್ಟುವುದನ್ನು ಕಲಿಸಿದ್ದಳೇ ಹೊರತು ನಡೆಸುವುದನ್ನು ಇನ್ನೂ ಕಲಿಸಿರಲಿಲ್ಲ.

ಹರಿಗೋಲಿಗೆ ಹಿಂದು ಮುಂದು ಇಲ್ಲ. ಯಾವ ಕಡೆ ಹುಟ್ಟು ಹಾಕುತ್ತೀರೋ ಅದೇ ಅದರ ಮುಂದು. ಅಡ್ಡಕ್ಕೆ ಒಂದು ಏಟು ಹಾಕಿದರೆ ಬುಗುರಿ. ನಾವು ನಾಲ್ಕು ದಿನ ದಂಡೆಯ ಹತ್ತಿರ ಬುಗುರಿಯಾದೆವು. ಇಳಿದ ಮೇಲೂ ಮರಗಳು ತಿರುಗುತ್ತಿದ್ದವು, ಬಂಡೆಗಳು ತಿರುಗುತ್ತಿದ್ದವು, ಹುಲಿಗೆವ್ವ ಮೂವರಾಗಿ ಕಾಣುತ್ತಿದ್ದಳು. ಮೂವರೂ ಒಂದೇ ಮಾತು ಹೇಳುತ್ತಿದ್ದರು: "ಇಬ್ರೂ ಹುಟ್ಟು ಹಾಕಬ್ಯಾಡ್ರಿ. ಒಬ್ಬ ಎಳೀರಿ, ಒಬ್ಬ ಸುಮ್ಮ ಕುಂದರ್ರಿ." ಯಾರು ಸುಮ್ಮನೆ ಕೂರಬೇಕು ಎಂಬುದು ಮಾತ್ರ ತೀರ್ಮಾನವಾಗಲೇ ಇಲ್ಲ.

ಸಾಹೇಬರು ಬರುವ ಹೊತ್ತಿಗೆ ಹೊಳೆಗೆ ಮೊದಲ ಕೆಂಪು ನೀರು ಬಂದಿತ್ತು. ಆಚೆ ದಡ ಇಂಗ್ಲಿಷರ ಸರಕಾರದ್ದು, ಈಚೆಯದು ನಿಜಾಮರದ್ದು. ಈಚೆ ದಡದಲ್ಲಿ ಹುಲಿಗೆವ್ವ, ಸುಂಕದ ನಾಕಾದ ಗುಮಾಸ್ತ, ಸಾಹೇಬರನ್ನು ಮನೆಗೆ ಕರೆದೊಯ್ಯಲು ಬಂಡಿ ತಂದಿದ್ದ ಅಪ್ಪ. ಆಚೆ ದಡದಲ್ಲಿ ಶೇರ್ವಾನಿ, ಟೋಪಿ, ಕೊಡೆಗಳ ಸಮೇತ ಹಮೀದ್ ಸಾಹೇಬರು. ರಸೂಲ ಒಬ್ಬನೇ ಹುಟ್ಟು ಹಾಕಿ ನನ್ನನ್ನು ಆಚೆಗೆ ಒಯ್ದ. ಬರುವಾಗ ನನ್ನ ಪಾಳಿ ಎಂದು ಮಾತಾಗಿತ್ತು. ಸಾಹೇಬರು ಕೂತ ಮೇಲೆ ನೋಡಿದರೆ ಅವನು ಹುಟ್ಟು ಬಿಡಲೊಲ್ಲ. ಅಪ್ಪ ನೋಡುತ್ತಿದ್ದಾರೆ ಎಂದು ನಾನೂ ಇನ್ನೊಂದು ಹುಟ್ಟು ಎತ್ತಿಕೊಂಡೆ.

ನಡುನೀರಿನಲ್ಲಿ ಅವನು ಎಡಕ್ಕೆ ಎಳೆದ, ನಾನು ಬಲಕ್ಕೆ. ಹರಿಗೋಲು ಒಂದು ಸುತ್ತು ಸುತ್ತಿತು. ಸರಿಪಡಿಸಲು ಇಬ್ಬರೂ ಇನ್ನಷ್ಟು ಜೋರಾಗಿ ಎಳೆದೆವು. ಆಮೇಲೆ ಸುತ್ತುಗಳ ಲೆಕ್ಕ ತಪ್ಪಿತು. ಸಾಹೇಬರ ಎದುರು ಒಮ್ಮೆ ಇಂಗ್ಲಿಷರ ರಾಜ್ಯ ಹಾದುಹೋಗುತ್ತಿತ್ತು, ಒಮ್ಮೆ ನಿಜಾಮರದು. ಅವರು ಮೊದಲು ಕೊಡೆಯನ್ನು ತಬ್ಬಿಕೊಂಡರು, ಆಮೇಲೆ ನನ್ನನ್ನು. ಟೋಪಿ ಹಾರಿ ನೀರಿಗೆ ಬಿದ್ದು ನಮ್ಮ ಜೊತೆಗೇ ತಿರುಗತೊಡಗಿತು. "ಮಿಯಾ, ನನಗೆ ಈಜು ಬರುವುದಿಲ್ಲ" ಎಂದು ಅವರು ಬಹಳ ಮರ್ಯಾದೆಯಿಂದ ತಿಳಿಸಿದರು.

ಸೆಳವು ನಮ್ಮನ್ನು ಬಂಡೆಗಳ ಕಡೆಗೆ ಒಯ್ಯುತ್ತಿತ್ತು. ನೀರು ಬಂಡೆಗೆ ಬಡಿಯುವ ಸದ್ದು ಕೇಳತೊಡಗಿತು. ಸೂತ್ರಗಳೆಲ್ಲ ಮರೆತುಹೋಗಿದ್ದವು. ಹುಲಿಗೆವ್ವನ ಮಾತೊಂದು ಉಳಿದಿತ್ತು. ರಸೂಲನ ಕೈ ನನ್ನ ಕೈಗಿಂತ ಛಲೋ ಎಂಬುದು ಮೊದಲ ವಾರದಿಂದಲೂ ನನಗೆ ಗೊತ್ತಿತ್ತು. ಅಪ್ಪ ನೋಡುತ್ತಿದ್ದಂತೆಯೇ ಹುಟ್ಟನ್ನು ಕಾಲ ಬುಡಕ್ಕೆ ಇಟ್ಟು, "ನೀನ ಎಳಿ, ನಾ ಕುಂತೆ" ಎಂದೆ.

ರಸೂಲ ಮುಂದಕ್ಕೆ ಬಾಗಿ ನೀರನ್ನು ತನ್ನ ಕಡೆಗೆ ಎಳೆದ. ಇನ್ನೊಮ್ಮೆ ಎಳೆದ. ಹರಿಗೋಲು ತಿರುಗುವುದನ್ನು ನಿಲ್ಲಿಸಿ, ಬಂಡೆಯ ಪಕ್ಕದಲ್ಲೇ ಜಾರಿ, ಹಗ್ಗ ಕಟ್ಟಿ ಎಳೆದಂತೆ ದಡದತ್ತ ನಡೆಯಿತು. ದಾರಿಯಲ್ಲಿ ಹುಟ್ಟಿನ ತುದಿಯಿಂದ ಟೋಪಿಯನ್ನೂ ಎತ್ತಿಕೊಂಡ. ಅಷ್ಟೊಂದು ಸೊಗಸು ಮಾಡುವ ಅಗತ್ಯವಿರಲಿಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ದಡಕ್ಕೆ ಇಳಿದ ಸಾಹೇಬರು ಎರಡು ಹೆಜ್ಜೆ ಅಡ್ಡಡ್ಡ ನಡೆದು ಮರಳಿನ ಮೇಲೆ ಕೂತುಬಿಟ್ಟರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು. ನಾಕಾದ ಗುಮಾಸ್ತ ಬಂದು, "ಸಾಹೇಬ್ರ, ಎಷ್ಟು ಸಲ ಗಡಿ ದಾಟಿದ್ರಿ? ಎಷ್ಟಂತ ಬರಕೊಳ್ಳಲಿ?" ಎಂದು ಕೇಳಿದ ಮೇಲಂತೂ ಮಲಗಿಯೇ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹತ್ತಿತು. ಕೊನೆಗೆ ನಮ್ಮ ಬಂಡಿಯ ಎತ್ತುಗಳು ಮಾತ್ರ ಗಂಭೀರವಾಗಿದ್ದವು.

ಸಾಹೇಬರು ಕಣ್ಣೊರೆಸಿಕೊಂಡು ಹುಲಿಗೆವ್ವನ ಎದುರು ನಿಂತು, ತಮ್ಮ ಹರಕು ಕನ್ನಡದಲ್ಲಿ, "ಉಸ್ತಾದ್ ನೀವು. ಹೇಳ್ರಿ, ಇವರು ಪಾಸ್ ಇದ್ದಾರೆ?" ಎಂದರು.

ಅವಳು ಬಾಗಿ ಹರಿಗೋಲಿನ ಹೊಲಿಗೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು. ಒಂದು ಹನಿಯೂ ಜಿನುಗಿರಲಿಲ್ಲ. "ಹೊಲಿಗಿ ಸಾಹುಕಾರ್ರ ಮಗಂದು. ಅದರಾಗ ಪಾಸು. ನಡಸೂದ್ರಾಗ ರಸೂಲಪ್ಪ ಪಾಸು" ಎಂದಳು. ಆಮೇಲೆ ನನ್ನ ಕಡೆ ನೋಡಿ, "ಇವ ಕುಂದ್ರೂದ್ರಾಗೂ ಪಾಸು. ಅದು ಭಾಳ ಮಂದಿಗೆ ಬರೂದಿಲ್ರಿ" ಎಂದಳು.

ಸಾಹೇಬರು ನಮ್ಮ ಪ್ರಾಕ್ಟಿಕಲ್ ಪುಸ್ತಕ ತೆರೆದು ಸಹಿ ಹಾಕಿ, ಪಕ್ಕದಲ್ಲಿ ಅವಳ ಹೆಬ್ಬೆಟ್ಟನ್ನೂ ಒತ್ತಿಸಿದರು. ಎಣ್ಣೆಯ ಮಸಿ ಅವಳ ಬೆರಳಲ್ಲೇ ಇತ್ತು. ಮುಂದೆ ಪರೀಕ್ಷೆಗೆ ಬಂದ ಹೈದರಾಬಾದಿನ ಪರೀಕ್ಷಕರು ಇದು ಯಾರ ಗುರುತು ಎಂದು ಕೇಳಿದಾಗ, "ಹೊಳೆ ವಿಭಾಗದ ಮುಖ್ಯಸ್ಥರದು" ಎಂದು ಹಮೀದ್ ಸಾಹೇಬರು ರೆಪ್ಪೆ ಬಡಿಯದೆ ಹೇಳಿದರು. ನಾವು ಪಾಸಾದೆವು.

ಆದರೆ ಆ ದಿನದ ದೊಡ್ಡ ಸಂಗತಿ ಅದಲ್ಲ. ಎಲ್ಲರೂ ಬಂಡಿಯ ಕಡೆಗೆ ನಡೆದಾಗ ಅಪ್ಪ ಹಿಂದೆ ಉಳಿದಿದ್ದರು. ಹರಿಗೋಲಿನ ಅಂಚಿನ ಮೇಲೆ ಕೈಯಿಟ್ಟು, ನಾನು ಹಾಕಿದ ಹೊಲಿಗೆಗಳನ್ನು ನೋಡುತ್ತ ನಿಂತಿದ್ದರು. ತೊಗಲನ್ನು ಮುಟ್ಟಿದ್ದು ಅವರಿಗೆ ಅರಿವಾಗಿತ್ತೋ ಇಲ್ಲವೋ. ನಾನು ಹತ್ತಿರ ಹೋದಾಗ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿಕೊಂಡು ಒಳಗೆ ಕೂತರು.

"ಒಂದ ಸುತ್ತು. ದಂಡಿ ಬಿಟ್ಟು ದೂರ ಒಯ್ಯಬ್ಯಾಡ" ಎಂದರು. "ನಿಮ್ಮವ್ವಗ ಹೇಳಬ್ಯಾಡ."

ಒಂದು ಎಂದವರು ಏಳು ಸುತ್ತು ಹಾಕಿಸಿದರು. ಹಾಗೆ ನಕ್ಕ ಅಪ್ಪನನ್ನು ನಾನು ಮುಂಚೆ ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಅವ್ವ ವಾಸನೆಯಿಂದಲೇ ತಿಳಿದು ಅವರ ತಲೆಯ ಮೇಲೂ ಎರಡು ಕೊಡ ಸುರಿದಳು.

ಇಷ್ಟೆಲ್ಲ ಮೊನ್ನೆ ಮಳೆ ನಿಲ್ಲುವುದರೊಳಗೆ ನೆನಪಾಗಿಹೋಯಿತು. ಆಮೇಲೆ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಸೊಸೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ವರ್ಷ ತಿಂದಿದ್ದೇನೆ, ಒಂದನ್ನೂ ಕೈಯಾರೆ ಮಾಡಿಲ್ಲ. "ನನಗ ಕಲಿಸವಾ" ಎಂದೆ. ಅವಳು ತಮಾಷೆ ಎಂದುಕೊಂಡಳು. ನಾನು ತೋಳು ಮಡಿಚಿದ್ದನ್ನು ಕಂಡು ಮಣೆ ಸರಿಸಿ, "ಕುಂದರ್ರಿ ಮಾವಾರ. ಹಿಟ್ಟಿಗಿ ಹೆದರಬ್ಯಾಡ್ರಿ" ಎಂದಳು.

ಮೊದಲನೆಯದು ಹರಿದು ನಾಲ್ಕು ತುಂಡಾಯಿತು. ಎರಡನೆಯದು ಹಂಚಿಗೆ ಅಂಟಿ ಏಳಲೊಲ್ಲದಾಯಿತು. ಇವತ್ತು ಮೂರನೆಯ ದಿನ. ಒಂದು ರೊಟ್ಟಿ, ಒಂದೇ ಒಂದು, ಮಧ್ಯಾಹ್ನ ಹೊಟ್ಟೆ ಉಬ್ಬಿಸಿಕೊಂಡು ಎದ್ದಿತು. ಮೊಮ್ಮಗಳು ಅದನ್ನು ಮುರಿದು ತಿಂದು, ಬಹಳ ಹೊತ್ತು ಅಗಿದು, "ಇನ್ನೊಂದು ಐತೇನಜ್ಜಾ?" ಎಂದಳು. ಇರಲಿಲ್ಲ. ನಾಳೆ ಇರುತ್ತದೆ. ನೀವು ಈ ಕಡೆ ಬರುವುದಾದರೆ ಹಸಿದುಕೊಂಡು ಬನ್ನಿ. ಹಲ್ಲು ಗಟ್ಟಿಯಿದ್ದರೆ ಇನ್ನೂ ಒಳ್ಳೆಯದು.