ಸೇತುವೆಯ ಮೇಲೆ ಇಳಿಸಿದ ಮೇಷ್ಟ್ರು

ಮೊನ್ನೆ ಶಾಲೆಯ ಮಕ್ಕಳಿಗೆ ವಿಮಾನ ತೋರಿಸಲು ಸೋಗಾನೆಯ ವಿಮಾನ ನಿಲ್ದಾಣಕ್ಕೆ ಬಸ್ಸು ಓಡಿಸಿಕೊಂಡು ಹೋಗುತ್ತಿದ್ದೆ. ಮುಂದಿದ್ದ ಕಾರೊಂದು ಏರಿನಲ್ಲಿ ಸಿಕ್ಕಿಕೊಂಡು ಒದ್ದಾಡಿತು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಸ್ಸಿನೊಳಕ್ಕೂ ಬಂತು. ಆ ವಾಸನೆಗೆ ಇಂದಿಗೂ ನನ್ನ ಕಿವಿ ಬಿಸಿಯಾಗುತ್ತದೆ, ಡ್ರೈವಿಂಗ್ ಮೇಷ್ಟ್ರು ನೆನಪಾಗುತ್ತಾರೆ…

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರ ಡ್ರೈವಿಂಗ್ ಸ್ಕೂಲಿತ್ತು. ಹೊಲಿಗೆ ಕಲಿಯಲು ಹೋಗುತ್ತೇನೆಂದು ಅಮ್ಮನಿಗೆ ಹೇಳಿ ಅಲ್ಲಿಗೆ ಸೇರಿದ್ದೆ. ಅಪ್ಪ ಬಸ್ ಡ್ರೈವರ್. ಚಿಕ್ಕಂದಿನಲ್ಲಿ ಇಂಜಿನ್ ಬಾನೆಟ್ಟಿನ ಮೇಲೆ ಕೂತು, ಅವರು ಸ್ಟೇರಿಂಗ್ ತಿರುಗಿಸುವುದನ್ನೇ ನೋಡುತ್ತಾ ಬೆಳೆದವಳು ನಾನು. ದೊಡ್ಡ ಬಸ್ಸು ಓಡಿಸಬೇಕು, ಅದೊಂದೇ ಆಸೆ. ಮೊದಲ ದಿನವೇ ಮೇಷ್ಟ್ರಿಗೆ ಹೇಳಿಬಿಟ್ಟೆ. ಅವರು ನಕ್ಕು, ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರಿಗೆಲ್ಲ ಹೇಳಿ ನಗಿಸಿದರು.

ಒಂದು ಸಂಜೆ ಭದ್ರಾ ಸೇತುವೆಯ ಏರಿನಲ್ಲಿ ಕಾರು ನನ್ನ ಕೈಯಲ್ಲಿ ಆಫ್ ಆಯಿತು. ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಕ್ಲಚ್ ಸುಟ್ಟ ವಾಸನೆ ಬಂತು. ಹಿಂದೆ ಲಾರಿ, ಆಟೊಗಳು ಹಾರ್ನ್ ಬಡಿಯತೊಡಗಿದವು.

"ಇಳಿ ಕೆಳಗೆ. ಬಸ್ ಓಡಿಸ್ತಾಳಂತೆ ಬಸ್ಸು! ನಡ್ಕೊಂಡು ಹೋಗು ಮಾರಾಯ್ತಿ, ಮನೇಲಿ ಅನ್ನ ಮಾಡೋದು ಕಲಿ," ಎಂದರು ಮೇಷ್ಟ್ರು.

ಜನ ನೋಡುತ್ತಿದ್ದರು. ನಡೆದೆ. ಅಳು ಬರಲಿಲ್ಲ. ಈ ಮನುಷ್ಯನನ್ನು ನಾನು ಓಡಿಸುವ ಬಸ್ಸಿನಿಂದ ಇದೇ ಸೇತುವೆಯ ಮೇಲೆ ಇಳಿಸದೆ ಬಿಡುವುದಿಲ್ಲ ಎಂದುಕೊಂಡೆ.

ಅಲ್ಲಿಯವರೆಗೆ ನನ್ನ ಆಸೆ ಬರೀ ಕನಸಾಗಿತ್ತು. ಅದನ್ನು ಕೆಲಸವಾಗಿಸಿದ್ದು ಆ ಸಿಟ್ಟು. ಬಸ್ಸಿನ ಯೋಚನೆಯನ್ನು ಸದ್ಯಕ್ಕೆ ಬಿಟ್ಟೆ. ಏರಿನಲ್ಲಿ ಗಾಡಿ ಆಫ್ ಆಗಬಾರದು, ಮೊದಲು ಅಷ್ಟೇ ಸಾಕು. ಚಿಕ್ಕಪ್ಪನ ಗೂಡ್ಸ್ ಗಾಡಿಯಲ್ಲಿ ಬೆಳಗಿನ ಹೊತ್ತು ಅದನ್ನೊಂದನ್ನೇ ಮಾಡಿದೆ. ಅದು ಕೈಗೆ ಹತ್ತಿದ ಮೇಲೆ ಶಿವಮೊಗ್ಗದಲ್ಲಿ ಕಾರಿನ ಲೈಸೆನ್ಸು. ಆಮೇಲೆ ಲಾರಿಯನ್ನು ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆಯುವುದು. ಅದಾದ ಮೇಲೆ ಹೆವಿ ಲೈಸೆನ್ಸು. ಇನ್ನು ಸಾಕು ಎನಿಸಿದಾಗಲೆಲ್ಲ ಮೇಷ್ಟ್ರ ನಗು ನೆನೆಸಿಕೊಳ್ಳುತ್ತಿದ್ದೆ. ಕೈಗೆ ಮತ್ತೆ ಬಲ ಬರುತ್ತಿತ್ತು.

ವರ್ಷಗಳೇ ಹಿಡಿದವು. ಕೊನೆಗೆ ಒಂದು ಶಾಲೆಯ ಬಸ್ಸು ನನ್ನ ಪಾಲಿಗೆ ಬಂತು. ಮೇಷ್ಟ್ರ ಬಾಗಿಲಿನ ಮುಂದೆ ಹಾದುಹೋಗುವ ರೂಟನ್ನೇ ಕೇಳಿ ಪಡೆದೆ. ಅಲ್ಲಿಗೆ ಬಂದಾಗಲೆಲ್ಲ ಹಾರ್ನ್ ಒತ್ತಿ ಹಿಡಿಯುತ್ತಿದ್ದೆ. ಮೊದಲ ದಿನ ಅವರು ಹೊರಗೆ ಬಂದರು, ನನ್ನನ್ನು ಗುರುತಿಸಿದರು, ತಲೆ ತಗ್ಗಿಸಿ ಒಳಗೆ ಹೋದರು. ಆ ದಿನದ ಊಟ ಎಷ್ಟು ರುಚಿಯಾಗಿತ್ತು!

ಒಂದು ಮಧ್ಯಾಹ್ನ ಮಕ್ಕಳನ್ನೆಲ್ಲ ಇಳಿಸಿ ಬರುವಾಗ ಅವರೇ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿದರು. ತುಂಬ ಇಳಿದುಹೋಗಿದ್ದರು.

"ನನ್ ಮಗಳಿಗೆ ಗಾಡಿ ಕಲಿಸ್ತೀಯೇನಮ್ಮ? ನಾನ್ ಪಕ್ಕ ಕೂತ್ರೆ ಅವಳಿಗೆ ಕೈಕಾಲು ನಡುಗುತ್ತೆ…"

"ಹತ್ತಿ ಸಾರ್," ಎಂದೆ.

ಸೇತುವೆಯ ನಡುವೆ ಬ್ರೇಕ್ ಹಾಕಿದೆ. "ಇಳೀರಿ. ನಡ್ಕೊಂಡು ಹೋಗಿ. ಮಗಳನ್ನ ನಾಳೆ ಕಳ್ಸಿ, ಕಲಿಸ್ತೀನಿ."

ನನ್ನ ಮುಖ ನೋಡಿದರು. ಇಳಿದರು. ಸೇತುವೆಯ ತಡೆಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆಯುತ್ತಿದ್ದವರನ್ನು ಮರೆಯಾಗುವವರೆಗೂ ಕನ್ನಡಿಯಲ್ಲಿ ನೋಡಿದೆ. ಪಾಪ ಎನಿಸಲಿಲ್ಲ. ಇಂದಿಗೂ ಎನಿಸುವುದಿಲ್ಲ.

ಮಗಳಿಗೆ ಕಲಿಸಿದೆ. ಒಮ್ಮೆಯೂ ಗದರದೆ ಕಲಿಸಿದೆ, ಅದೂ ಸೇಡೇ. ಮುಂದೆ ಮೇಷ್ಟ್ರನ್ನು ಶಿವಮೊಗ್ಗದ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋದದ್ದು ಅವಳೇ. ದಾರಿಯುದ್ದಕ್ಕೂ ಅವರು ಅವಳನ್ನು ಒಂದು ಮಾತೂ ಬೈಯಲಿಲ್ಲವಂತೆ. ಅಲ್ಲಿಂದ ಅವರು ಹಿಂದಿರುಗಲಿಲ್ಲ.

ತಪ್ಪಾಯಿತೆಂದು ಅವರು ಹೇಳಲಿಲ್ಲ. ಕ್ಷಮಿಸಿದೆನೆಂದು ನಾನೂ ಹೇಳಲಿಲ್ಲ.

ಈಗ ಹೆಂಗಸರಿಗೆಂದೇ ಒಂದು ಡ್ರೈವಿಂಗ್ ಸ್ಕೂಲು ತೆರೆಯುವ ಆಸೆ ಹುಟ್ಟಿದೆ. ಜಾಗ ನೋಡಬೇಕು, ಹಳೆಯದೊಂದು ಕಾರು ಹುಡುಕಬೇಕು. ಯಾವುದಾದ ಮೇಲೆ ಯಾವುದು ಎಂಬುದೂ ಗೊತ್ತಿದೆ. ಆದರೂ ಇವತ್ತು, ನಾಳೆ ಎಂದು ದಿನ ದೂಡುತ್ತಿದ್ದೇನೆ… ಅವರಷ್ಟು ಚೆನ್ನಾಗಿ ನನ್ನನ್ನು ಕೆರಳಿಸುವವರು ಈ ಊರಿನಲ್ಲಿ ಮತ್ತೊಬ್ಬರು ಉಳಿದಿಲ್ಲ.